ಸೀಟಿನ ಮೇಲೆ ಇಟ್ಟ ಕಲ್ಲು

8 ಜೂನ್ 2025, ರವಿವಾರ

ಇವತ್ತು ಹೆಣ್ಣು ನೋಡಲು ಮೋರಟಗಿಗೆ ಹೋಗಿದ್ದೆವು. ನಾನು, ಅವ್ವ, ಮತ್ತೆ ನಮ್ಮ ಗುರಲಿಂಗಪ್ಪ ಸಾವಕಾರರು. ಗಾಡಿ ಸಾವಕಾರರದು, ಅದಕ್ಕೆ ನಾನೇ ಡ್ರೈವರ್. ಹೀಗಾಗಿ ನನಗೆ ಹೆಣ್ಣು ನೋಡಲು ನಾನೇ ಗಾಡಿ ಹೊಡೆದುಕೊಂಡು ಹೋದೆ. ವರ ಮುಂದಿನ ಸೀಟಿನಲ್ಲೇ ಕೂಡಬೇಕು ಎಂದು ಅವ್ವ ಮೊದಲೇ ತಾಕೀತು ಮಾಡಿದ್ದಳು. ಕೂತೆ, ಸ್ಟೇರಿಂಗ್ ಇರುವ ಕಡೆ.

ಮೋರಟಗಿಯ ಅಗಸಿ ಹತ್ತಿರ ಒಂದು ಎಮ್ಮೆ ಅಡ್ಡ ಬಂತು. ಬ್ರೇಕ್ ತುಳಿದೆ. ಹಿಂದಿನ ಗಾಲಿ ಕಿಂಯ್ ಎಂದು ಒದರಿತು. ಈಚೆಗೆ ಅದು ಸಣ್ಣಗೆ ಒದರುತ್ತಿತ್ತು ನಿಜ. ಇವತ್ತು ಮಂದಿಯನ್ನು ಕಂಡು ಹುರುಪು ಬಂದ ಹಾಗೆ ಗಂಟಲು ಬಿಚ್ಚಿತು. ಚಹಾದಂಗಡಿಯ ಕಟ್ಟೆಯ ಮೇಲೆ ಕೂತವರೆಲ್ಲ ತಿರುಗಿ ನೋಡಿದರು. ಒಂದು ನಾಯಿ ಎದ್ದು ನಿಂತು ಅದೇ ಧಾಟಿಯಲ್ಲಿ ಉತ್ತರ ಕೊಟ್ಟಿತು. ಎಮ್ಮೆ ಮಾತ್ರ ಬೆದರಲಿಲ್ಲ, ದಾರಿ ಬಿಡದೆ ಗಾಡಿಯ ಮುಂದೆಯೇ ನಡೆಯಿತು. ಹಾಗಾಗಿ ಹುಡುಗಿಯ ಮನೆ ಮುಟ್ಟುವ ತನಕ ಅದರ ಹಿಂದೆ ಬ್ರೇಕ್ ತುಳಿಯುತ್ತಲೇ ಹೋದೆ, ಗಾಡಿ ಒದರುತ್ತಲೇ ಹೋಯಿತು. ಊರಿಗೆಲ್ಲ ವರ ಬಂದ ಸುದ್ದಿ ತಿಳಿಯಿತು.

ಹುಡುಗಿಯ ಹೆಸರು ಕೋಮಲ. ತಂದೆ ಇಲ್ಲ. ಸೋದರಮಾವ ಸಿದ್ದಾರೂಢ ಅವರೇ ಹಿರಿಯರು. ಮನೆಗೆ ಹತ್ತಿಕೊಂಡೇ ಹಿಟ್ಟಿನ ಗಿರಣಿ ಇದೆ. ಅದನ್ನು ನಡೆಸುವವಳು ಅವಳೇ. ಗಿರಣಿಯ ಸದ್ದಿನಲ್ಲಿ ಮಾತಾಡಿ ರೂಢಿಯಾಗಿ ಮನೆಯೊಳಗೂ ಜೋರಾಗಿ ಮಾತಾಡುತ್ತಾಳೆ. ಚಹಾ ತಂದಾಗ ಅವಳ ಕಿವಿಯ ಹಿಂದೆ ಚೂರು ಜೋಳದ ಹಿಟ್ಟು ಉಳಿದಿತ್ತು. ಅದನ್ನು ನಾನೊಬ್ಬನೇ ಕಂಡೆ ಎಂದುಕೊಂಡಿದ್ದೇನೆ.

“ಏನರ ಕೇಳೂದಿದ್ರ ಕೇಳಪಾ” ಎಂದರು ಸಿದ್ದಾರೂಢ ಮಾವ.

ನಾನು ಚಹಾದ ಕಪ್ಪು ನೋಡಿದೆ. ಅದರ ಕೆಳಗಿನ ಬಸಿ ನೋಡಿದೆ. ಅವ್ವ ಮೊಣಕೈಯಿಂದ ತಿವಿದಳು. ಬಸಿಯಲ್ಲಿ ಎರಡು ಹೂ ಬರೆದಿದ್ದವು.

ಕಡೆಗೆ ಅವಳೇ ಕೇಳಿದಳು: “ನಿಮ್ಮ ಗಾಡಿ ಯಾಕ್ರಿ ಹಂಗ ಒದರ್ತೈತಿ?”

ನಾನು “ಹ್ಞೂಂ” ಎಂದೆ.

ಅದು ಆ ಪ್ರಶ್ನೆಗೆ ಉತ್ತರವಲ್ಲ ಎಂದು ನನಗೆ ಅಲ್ಲೇ ತಿಳಿದಿತ್ತು.

10 ಜೂನ್, ಮಂಗಳವಾರ

ಸಿದ್ದಾರೂಢ ಮಾವ ಅವ್ವನಿಗೆ ಫೋನ್ ಮಾಡಿದ್ದರು. ಅವ್ವನ ಫೋನಿನಲ್ಲಿ ಹೊರಗಿನವರಿಗೂ ಕೇಳುವ ಹಾಗೆ ಧ್ವನಿ ಬರುತ್ತದೆ.

“ಇಂದ್ರಾಬಾಯಿ ಅಕ್ಕ, ಸಿಟ್ಟಾಗಬ್ಯಾಡ್ರಿ. ಹುಡುಗ ಬಾಯಿ ತಗಿಯಂಗಿಲ್ಲ, ಗಾಡಿ ಬಾಯಿ ಮುಚ್ಚಂಗಿಲ್ಲ. ನಾವೇನ ತಿಳಕೋಬೇಕು?”

ಅವ್ವ ಸಿಟ್ಟಾಗಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಹೆತ್ತವಳು ಹೀಗೆ ನಗಬಾರದು.

“ಹುಡುಗಿ ಬ್ಯಾಡ ಅಂದಿಲ್ಲ. ಇನ್ನೊಮ್ಮಿ ನೋಡ್ತೇನಿ ಅಂತಾಳ. ಆಷಾಢ ಕೂಡೂದ್ರೊಳಗ ಬಂದ ಹೋಗ್ರಿ. ಶ್ರಾವಣದಾಗ ತಾಳಿಕೋಟಿ ಕಡಿಯವರು ಬರ್ತೇವಿ ಅಂದಾರ. ಮಣ್ಣೆತ್ತಿನ ಅಮಾಸಿ ದಿನ ಊಟಕ್ಕ ಬರ್ರಿ. ನೋಡೂದು ಅನ್ನಬ್ಯಾಡ್ರಿ ಮತ್ತ, ಅಮಾಸಿ. ಊಟ ಅನ್ರಿ.”

ತಾಳಿಕೋಟೆಯವರು ಮಾತುಗಾರರಿರಬೇಕು. ಪೇಟೆ ಮಂದಿ.

ಮಲಗಿಕೊಂಡು ವಿಚಾರ ಮಾಡಿದೆ. ದೂರು ಬಂದಿರುವುದು ಎರಡು ಬಾಯಿಗಳ ಮೇಲೆ. ನನ್ನ ಬಾಯಿ ಹುಟ್ಟಿದಾಗಿನಿಂದ ಹೀಗೇ ಇದೆ. ಸಾಲೆಯಲ್ಲಿ ಐದನೇ ಇಯತ್ತೆಯ ತನಕ ಹಾಜರಿ ಹೇಳಲೂ ಪಕ್ಕದವನೇ ಬೇಕಿದ್ದ. ಆಮೇಲೆ ನನ್ನ ಸೋದರಮಾವನ ಕುರಿ ಕಾದೆ, ಕುರಿಗಳು ಏನೂ ಕೇಳಲಿಲ್ಲ. ಗಾಡಿಯ ಬಾಯಿ ಕೆಟ್ಟದ್ದು ಈಚೆಗೆ. ಗಾಡಿಯಿಂದ ಶುರು ಮಾಡುವುದು ಸುಲಭ.

11 ಜೂನ್, ಬುಧವಾರ

ಕಾರ ಹುಣ್ಣಿಮೆ. ಬ್ರೇಕಿನ ವಿಷಯ ಹೇಳಬೇಕೆಂದು ಸಾವಕಾರರ ಮನೆಗೆ ಹೋದೆ. ಎತ್ತಿನ ಕೋಡಿಗೆ ಬಣ್ಣ ಬಳಿದು ಬಂದೆ.

12 ಜೂನ್, ಗುರುವಾರ

ನನ್ನ ಬದಲು ಅವ್ವ ಹೇಳಿದಳು.

“ಒದರಿದ್ರ ಒದರಲಿ ಬಿಡು ಇಂದ್ರಾಬಾಯಿ, ಎಮ್ಮಿನೂ ಒದರ್ತೈತಿ. ಹಾಲ ಕೊಡೂದ ಬಿಟ್ಟೈತೇನ?” ಎಂದರು ಸಾವಕಾರರು. ತಮ್ಮ ಲಿಂಬೆ ತೋಟದ ಮಾತಾಗಿದ್ದರೆ ಒಂದು ಎಲೆ ಮುದುಡಿದರೂ ನಿದ್ದೆ ಮಾಡುವವರಲ್ಲ.

ವಿಜಯಪುರದ ಕಂಪನಿ ವರ್ಕ್‌ಶಾಪಿಗೂ ಅವ್ವನೇ ಫೋನ್ ಮಾಡಿದಳು. ಅವರು ಕೊಟ್ಟ ತಾರೀಖು ಆಷಾಢದ ನಟ್ಟನಡುವೆ ಬಿತ್ತು.

14 ಜೂನ್, ಶನಿವಾರ

ಸಾವಕಾರರನ್ನು ಸಿಂದಗಿಗೆ ಬೀಗರ ಮನೆಗೆ ಒಯ್ದಿದ್ದೆ. ಅವರು ಉಂಡು ಮಲಗಿದ ಹೊತ್ತಿಗೆ ಗಾಡಿಯನ್ನು ಜೈನುದ್ದೀನ ಚಾಚಾನ ಗ್ಯಾರೇಜಿಗೆ ಒಯ್ದೆ. ಏನಾಗಿದೆ ಎಂದು ಕೇಳಿದರೆ ಹೇಳಬೇಕಾಗುತ್ತದಲ್ಲ, ಅದಕ್ಕೆ ಗ್ಯಾರೇಜಿನ ಮುಂದೆಯೇ ಬ್ರೇಕ್ ಹಾಕಿದೆ. ಗಾಡಿ ತಾನೇ ಹೇಳಿತು.

“ಹಿಂದಿನ ಪ್ಯಾಡ್ ಸವದಾವ” ಎಂದ ಚಾಚಾ, ತಲೆ ಎತ್ತದೆ.

ಗಾಲಿ ಬಿಚ್ಚಿ ತೋರಿಸಿದ. ಗಾಲಿಯ ಜೊತೆ ತಿರುಗುವ ಡಿಸ್ಕನ್ನು ಎರಡೂ ಕಡೆಯಿಂದ ಹಿಡಿಯುವ ಪ್ಯಾಡುಗಳು ತೆಳ್ಳಗಾಗಿದ್ದವು. “ಈ ಸಣ್ಣ ತಗಡ ಐತಿ ನೋಡು ಬೇಟಾ. ಪ್ಯಾಡ್ ಸವದ ಮ್ಯಾಲ ಇದು ಡಿಸ್ಕಿಗೆ ತಾಕಿ ಒದರ್ತೈತಿ. ನನ್ನ ಬದಲಿ ಮಾಡ್ರಿ ಅಂತ ಹೇಳಾಕನ ಇಟ್ಟಿರ್ತಾರ.”

ಹಾಗಾದರೆ ಮೋರಟಗಿಯಲ್ಲಿ ಗಾಡಿಯಾದರೂ ತನ್ನ ಮನಸ್ಸಿನದನ್ನು ಹೇಳಿಕೊಂಡಿತ್ತು.

ಚಾಚಾ ಕ್ಲಾಂಪ್ ಹಾಕಿ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಪಿಸ್ಟನ್ ಒಳಗೆ ನೂಕಲು ನೋಡಿದ. ಅದು ಒಳಗೆ ಹೋಗಿ ಜಾಗ ಬಿಟ್ಟರೆ ಮಾತ್ರ ಹೊಸ ದಪ್ಪ ಪ್ಯಾಡು ಕೂಡುತ್ತದೆ. ಪಿಸ್ಟನ್ ಹೋಗಲಿಲ್ಲ. ಇನ್ನೊಂದು ಸುತ್ತು ಬಿಗಿದು ಚಾಚಾ ಥಟ್ಟನೆ ನಿಂತ.

“ಇದು ಬಟನ್ ಒತ್ತೂ ಹ್ಯಾಂಡ್ ಬ್ರೇಕ್ ಏನೋ?”

ಹ್ಞೂಂ ಎಂದೆ.

“ಮೊದಲ ಹೇಳಬಾರದಾ? ಇದರ ಬೆನ್ನಿಗೆ ಒಂದ ಮೋಟಾರ ಕುಂತೈತಿ. ಪಿಸ್ಟನ್ನ ಒಳಗಿಂದ ಹಿಡಕೊಂಡೈತಿ. ಜೋರ ಮಾಡಿದ್ರ ಹಲ್ಲ ಮುರೀತಾವ, ಅದರವೂ ನನ್ನವೂ.” ಕ್ಲಾಂಪ್ ಸಡಿಲ ಮಾಡಿ ಬೀಡಿ ಹಚ್ಚಿದ. “ಗಾಡಿಗೆ ಮೊದಲ ತಿಳಿಸಬೇಕು, ನಾ ರಿಪೇರಿ ಮಾಡಾಂವ ಅದೇನಿ, ಮೋಟಾರ ಹಿಂದಕ ತಗೋ ಅಂತ. ಅದನ್ನ ಹೆಂಗ ತಿಳಿಸೂದು ಅನ್ನೂದು ನಮ್ಮ ತಬ್ರೇಜಗ ಗೊತ್ತು. ನನ್ನ ತಮ್ಮನ ಮಗ. ಮುದ್ದೇಬಿಹಾಳದಾಗ ಅದಾನ.”

ಗಾಡಿಗೂ ಬಾಯಿ ಬಿಟ್ಟು ಹೇಳಬೇಕೆಂದರೆ ನನ್ನ ಗತಿ ಏನು.

ಚಾಚಾ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟ.

“ಹಲೋ” ಎಂದಿತು ಆ ಕಡೆಯ ದನಿ.

“ಹ್ಞೂಂ” ಎಂದೆ.

“ಹಲೋ, ಯಾರು?”

“ಹ್ಞೂಂ.”

“ಚಾಚಾ, ನಿಮ್ಮ ಫೋನ್ ಕೆಟ್ಟೈತಿ ನೋಡ್ರಿ. ಬರೇ ಗುಂಯ್ ಅನ್ನಾಕತ್ತೈತಿ” ಎಂದು ಇಟ್ಟುಬಿಟ್ಟ.

ಚಾಚಾ ಹಳೆಯ ಪ್ಯಾಡುಗಳನ್ನೇ ತಿರುಗಿ ಹಾಕಿ ಕಳಿಸಿದ. ಒದರಿಕೊಂಡೇ ಊರಿಗೆ ಬಂದೆವು.

17 ಜೂನ್, ಮಂಗಳವಾರ

ಸಾವಕಾರರನ್ನು ಬಸವನ ಬಾಗೇವಾಡಿಯ ಗುಡಿಗೆ ಒಯ್ದಿದ್ದೆ. ಅಲ್ಲಿಯ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಗಾಡಿ ತೋರಿಸಿ “ಬ್ರೇಕ್ ಪ್ಯಾಡ್” ಎಂದೆ. ಕೊಟ್ಟರು. ಮನೆಗೆ ಬಂದು ಬಿಚ್ಚಿ ನೋಡಿದರೆ ಮುಂದಿನ ಗಾಲಿಯವು. “ಹಿಂದಿನವು” ಎಂಬ ಒಂದೇ ಒಂದು ಮಾತು ನನ್ನ ಬಾಯಲ್ಲಿ ಉಳಿದುಬಿಟ್ಟಿತ್ತು.

19 ಜೂನ್, ಗುರುವಾರ

ಬಸ್ಸು ಹಿಡಿದು ಮತ್ತೆ ಬಾಗೇವಾಡಿಗೆ ಹೋದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಬಾಯಿಪಾಠ ಮಾಡಿದೆ. ಕಂಡಕ್ಟರ್ ಎರಡು ಸಲ “ಏನಂದಿ?” ಎಂದ.

ಅಂಗಡಿಯವನು, “ಪಾಕೀಟ ಒಡದೈತಿ, ವಾಪಸ್ ಆಗಂಗಿಲ್ಲ” ಎಂದ. ಬಾಯಿಪಾಠದಲ್ಲಿ ಇದು ಇರಲಿಲ್ಲ.

ನಾನು ಜಗಳ ಮಾಡಲಿಲ್ಲ. ಇಷ್ಟೇ ಹೇಳಿದೆ: “ಅಣ್ಣಾರ, ಪಾಕೀಟ ಒಡೀದ ಒಳಗ ಏನೈತಿ ಅಂತ ನಾ ಹೆಂಗ ನೋಡ್ಲಿ? ಹಿಂದಿನವು ಅಂತ ನಾ ಹೇಳಲಿಲ್ಲ, ಖರೇ. ಮುಂದಿನವೇನು ಅಂತ ನೀವೂ ಕೇಳಲಿಲ್ಲ. ಇಬ್ಬರದೂ ಅರ್ಧಾ ಅರ್ಧಾ ತಪ್ಪೈತಿ. ಪ್ಯಾಡಿಗೆ ಒಂದ ಗೆರಿ ಬಿದ್ದಿಲ್ಲ, ಬೇಕಾದ್ರ ಬೆಳಕಿಗೆ ಹಿಡದ ನೋಡ್ರಿ. ಅಮಾಸಿ ಒಳಗ ಗಾಡಿ ಸುಮ್ಮನಾಗಬೇಕೈತ್ರಿ.”

ಅವನು ಹಿಂದಿನವನ್ನು ಹುಡುಕಿ ಕೊಟ್ಟ. “ಬಾಯಿ ಭಾಳ ಐತಿ ನಿಂದು” ಎಂದ. ನನ್ನ ಹಿಂದೆ ಇನ್ನೊಬ್ಬ ಗಿರಾಕಿ ನಿಂತಿದ್ದ, ಅವನಿಗೆ ಅಂದಿರಬೇಕು.

22 ಜೂನ್, ರವಿವಾರ

ಲಿಂಬೆ ಗಿಡದ ಮುಂದೆ ನಿಂತು ನಾಲ್ಕಾರು ಸಲ ಹೇಳಿ ನೋಡಿ, ಆಮೇಲೆ ಮುದ್ದೇಬಿಹಾಳಕ್ಕೆ ಫೋನ್ ಹಚ್ಚಿದೆ.

“ಚಾಚಾನ ಫೋನ್ ಕೆಡಿಸಿದಾಂವ ನೀನ ಏನು?” ಎಂದ ತಬ್ರೇಜ ಭಾಯ್.

ಒಳ್ಳೆಯ ಮನುಷ್ಯ. ಯಾವ ಗಾಡಿ, ಯಾವ ವರ್ಷದ್ದು ಎಂದೆಲ್ಲ ಕೇಳಿದ. ಇದರ ಮೋಟಾರು ಹಿಂದೆ ಸರಿಸಲು ಸ್ಕ್ಯಾನರ್ ಯಂತ್ರ ಇಲ್ಲದೆಯೂ ನಡೆಯುತ್ತದೆ, ಎಕ್ಸಿಲೇಟರ್ ತುಳಿದು ಬಟನ್ ಹಿಡಿಯುವ ಒಂದು ಕ್ರಮವಿದೆ, ಮಂಗಳವಾರ ಸಂಜೆ ಫೋನಿನಲ್ಲೇ ಹೇಳಿಕೊಡುತ್ತೇನೆ ಎಂದ.

“ಒಂದ ನೆಪ್ಪಿಟ್ಕೋ. ಬಿಚ್ಚಿದ ಮ್ಯಾಲ ಯಾರೂ ಬ್ರೇಕ್ ತುಳೀಬಾರದು, ಗಾಡಿ ಚಾಲೂ ಮಾಡಬಾರದು. ಪಿಸ್ಟನ್ ಎದರಿಗೆ ತಡಿಯಾಕ ಏನೂ ಇರಂಗಿಲ್ಲ, ಹೊರಗ ಜಿಗೀತೈತಿ. ಮನಿ ಮಂದಿಗೆಲ್ಲಾ ಹೇಳಿ ಇಡು.”

“ಹ್ಞೂಂ.”

“ಹ್ಞೂಂ ಅಲ್ಲ. ಬಾಯಿ ಬಿಟ್ಟ ಹೇಳು.”

24 ಜೂನ್, ಮಂಗಳವಾರ

ಸಾವಕಾರರನ್ನು ಸಂಜೆಯ ಹೊತ್ತಿಗೆ ವಿಜಯಪುರದಿಂದ ಕರೆತಂದೆ. ಗಾಡಿಯನ್ನು ಅವರ ಮನೆಗೂ ನಮ್ಮ ಮನೆಗೂ ನಡುವಿನ ಅಂಗಳದಲ್ಲಿ ಸಪಾಟಾದ ಕಡೆ ನಿಲ್ಲಿಸಿ, ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಹಿಂಭಾಗ ಎತ್ತಿ ಸ್ಟ್ಯಾಂಡಿನ ಮೇಲೆ ಕೂಡಿಸಿ, ಹಿಂದಿನ ಗಾಲಿ ಎರಡೂ ತೆಗೆದೆ. ಫೋನನ್ನು ಟವೆಲ್ಲಿನಿಂದ ಕಿವಿಗೆ ಕಟ್ಟಿಕೊಂಡೆ. ಹಲ್ಲುನೋವಿನವನ ಹಾಗೆ ಕಾಣುತ್ತಿದ್ದೆ ಎಂದು ಅವ್ವ ಹೇಳಿದಳು.

“ಎಕ್ಸಿಲೇಟರ್ ಪೂರಾ ತುಳಿ. ತುಳಕೊಂಡನ ಬಟನ್ ಒತ್ತಿ ಹಿಡಿ. ಬಿಡಬ್ಯಾಡ, ಬಿಡಬ್ಯಾಡ. ಏನರ ಕೇಳಿಸ್ತ?” ಎಂದ ತಬ್ರೇಜ ಭಾಯ್.

ಕೇಳಿಸಿತು. ಹಿಂದಿನ ಗಾಲಿಗಳ ಹತ್ತಿರ ಗುಂಯ್ ಎಂಬ ಸಣ್ಣ ಸದ್ದು, ತುಂಬಿದ ಚೀಲದ ಬಾಯಿ ಸಡಿಲಾದ ಹಾಗೆ. ಮೀಟರಿನ ಮೇಲೆ ಒಂದು ಹಳದಿ ದೀಪ ಮಿಣುಕಿತು. ಮೋಟಾರು ಹಿಂದೆ ಸರಿದಿತ್ತು. ಬಲಗಡೆಯ ಪಿಸ್ಟನ್ ಕ್ಲಾಂಪಿಗೆ ಮಾತು ಕೇಳುವ ಮಗುವಿನಂತೆ ಒಳಗೆ ಹೋಯಿತು. ಹೊಸ ಪ್ಯಾಡು ಕೂತವು. ಯಾರಾದರೂ ನೋಡುತ್ತಿದ್ದಾರೆಯೇ ಎಂದು ಸುತ್ತ ನೋಡಿದೆ. ಅವ್ವ ಒಳಗೆ ಹೋಗಿದ್ದಳು.

ಎಡಗಡೆಯದು ಬಿಚ್ಚಿದೆ. ಪಿಸ್ಟನ್ನನ್ನು ಹೊತ್ತ ಕ್ಯಾಲಿಪರ್ ಎಂಬ ಹಿಡಿ ಜಾರುವ ಪಿನ್ನು ಜಂಗು ಹಿಡಿದಿತ್ತು. ಎಣ್ಣೆ ಬಿಟ್ಟು ನೆನೆಯಲು ಬಿಡಬೇಕಾಯಿತು. ಅಷ್ಟರಲ್ಲಿ ಬೆಳಕು ಹೋಯಿತು. ಕ್ಯಾಲಿಪರನ್ನು ತಂತಿಯಿಂದ ಮೇಲಕ್ಕೆ ಕಟ್ಟಿ ತೂಗುಬಿಟ್ಟೆ. ನಾಳೆ ಮುಂಜಾನೆ ಸ್ವಲ್ಪ ಹೊತ್ತಿನ ಕೆಲಸ.

ಈಗ ಸಾವಕಾರರಿಗೆ ಹೇಳಬೇಕು. ನಿಮ್ಮ ಗಾಡಿಯನ್ನು ನೀವು ಮುಟ್ಟಬೇಡಿ ಎಂದು ಧಣಿಗೆ ಹೇಗೆ ಹೇಳುವುದು? ಅವರ ಬಾಗಿಲ ತನಕ ಹೋದೆ. ಅವರು ಟಿವಿ ನೋಡುತ್ತಿದ್ದರು. ತಿರುಗಿ ಬಂದು, ಉಳಿದಿದ್ದ ಒಂದು ಗುಂಡು ಕಲ್ಲನ್ನು ಡ್ರೈವರ್ ಸೀಟಿನ ಮೇಲೆ ಇಟ್ಟೆ. ಕಲ್ಲು ಇದ್ದಲ್ಲಿ ಯಾರು ಕೂಡುತ್ತಾರೆ? ಮಾತಿಲ್ಲದೆ ಕೆಲಸವಾಯಿತು.

25 ಜೂನ್, ಬುಧವಾರ. ಬಸ್ಸಿನಲ್ಲಿ

ಅಕ್ಷರ ಕುಣಿಯುತ್ತಿವೆ, ಬಸ್ಸು ಹಾಗಿದೆ. ಕೈಯೂ ಕಪ್ಪಾಗಿದೆ.

ಅಮಾವಾಸ್ಯೆಗೆ ಗಾಡಿ ಪೂಜೆ ತಪ್ಪಿಸುವಂತಿಲ್ಲ ಎಂಬುದು ನನಗೆ ಗೊತ್ತಿಲ್ಲದ್ದಲ್ಲ. ಪ್ರತಿ ಅಮಾವಾಸ್ಯೆಗೂ ಗಾಡಿ ತೊಳೆದು, ತೋಟದ ಒಳ್ಳೆಯ ಲಿಂಬೆಹಣ್ಣು ಆರಿಸಿ ಗಾಲಿಗಳ ಕೆಳಗೆ ಇಡುವವನೇ ನಾನು. ಆದರೆ ಗಾಲಿಯೇ ಇಲ್ಲದ ಗಾಡಿಗೆ ಯಾರೂ ಪೂಜೆ ಮಾಡಲಿಕ್ಕಿಲ್ಲ ಎಂದುಕೊಂಡು ಸ್ನಾನಕ್ಕೆ ಹೋದೆ.

ಸಾವಕಾರರ ತಾಯಿ ಶೇವಂತೆವ್ವ ಆಯಿ ಆರತಿ ತಟ್ಟೆ ಹಿಡಿದು ಬಂದಳು. ಹಬ್ಬದ ಮುಂಜಾನೆ, ಡ್ರೈವರ್ ಕೂಡುವ ಜಾಗದಲ್ಲಿ ಒಂದು ಗುಂಡು ಕಲ್ಲು. ಹುಡುಗ ಭಕ್ತಿಯಿಂದ ದೇವರನ್ನೇ ಕೂಡಿಸಿದ್ದಾನೆ ಎಂದು ತಿಳಿದಳು. ಕಲ್ಲಿಗೆ ವಿಭೂತಿ ಬಳಿದು, ಕುಂಕುಮ ಹಚ್ಚಿ, ದಾಸವಾಳ ಏರಿಸಿ, ಸ್ಟೇರಿಂಗಿನ ಮುಂದೆ ಎತ್ತಿಟ್ಟಳು. ಬಾನೆಟ್ಟಿನ ಮೇಲೆ ಮಣ್ಣೆತ್ತಿನ ಜೋಡಿ ಇಟ್ಟಳು. ಮುಂದಿನ ಎರಡು ಗಾಲಿಗಳಿಗೆ ಲಿಂಬೆಹಣ್ಣು ಇಟ್ಟಳು. ಮಗನನ್ನು ಕೂಗಿದಳು.

“ಗುರಲಿಂಗಾ, ಹಿಂದಿನ ಗಾಲಿ ಇರಲಿಕ್ಕರ ಏನಾತು, ಒಮ್ಮಿ ಚಾಲೂ ಮಾಡಿ ಬಂದ್ ಮಾಡು. ಆರತಿ ಎತ್ತತೇನಿ.”

ಗಾಡಿಯ ಇನ್ನೊಂದು ಚಾವಿ ಸಾವಕಾರರ ಅಂಗಿ ಕಿಸೆಯಲ್ಲೇ ಇರುತ್ತದೆ. ಈ ಗಾಡಿ ಬ್ರೇಕ್ ತುಳಿಯದೆ ಚಾಲೂ ಆಗುವುದಿಲ್ಲ. ಬಂದ್ ಮಾಡಿದ ಕೂಡಲೇ ಹ್ಯಾಂಡ್ ಬ್ರೇಕ್ ತಾನೇ ಬೀಳುತ್ತದೆ. ನಾನು ತಲೆಗೆ ನೀರು ಸುರಿದುಕೊಳ್ಳುತ್ತಿದ್ದೆ. ಎಂಜಿನ್ ಸದ್ದು ಬಂತು. ನಿಂತಿತು. ಗುಂಯ್ ಎಂದಿತು. ಟಪ್ ಎಂದಿತು.

ಒದ್ದೆ ಮೈಯಲ್ಲೇ ಓಡಿದೆ. ಎಡಗಡೆಯ ಪಿಸ್ಟನ್ ಪೂರಾ ಹೊರಗೆ ಬಂದು, ಬ್ರೇಕ್ ಎಣ್ಣೆ ಅಂಗಳದ ರಂಗೋಲಿಯ ಮೇಲೆ ಹರಿಯುತ್ತಿತ್ತು.

ನಾನು ಸಾವಕಾರರಿಗೆ ಎದುರು ಮಾತಾಡಲಿಲ್ಲ. ಇಷ್ಟೇ ಅಂದೆ: “ಕಾಲ ತಗೀರಿ ಸಾವಕಾರ್ರ. ಬ್ರೇಕಿನ ಮ್ಯಾಗಿಂದ ಕಾಲ ತಗೀರಿ ಅಂದ್ನಿ. ಬಟನ್ ಮುಟ್ಟಬ್ಯಾಡ್ರಿ. ಚಾವಿ ಇಲ್ಲಿ ಕೊಡ್ರಿ. ಇಳೀರಿ ಕೆಳಗ. ಆಯಿ, ನೀ ಆ ಕಡಿ ಸರಿ, ಜಾರಿ ಬಿದ್ದಿ.”

ಅವರು ಇಳಿದು ನಿಂತರು. ಹೊಸದಾಗಿ ಕೆಲಸಕ್ಕೆ ಬಂದವನನ್ನು ನೋಡುವ ಹಾಗೆ ನನ್ನನ್ನು ನೋಡಿದರು.

“ಒಂದ ಮಾತ ಹೇಳಬಾರದಿತ್ತೇನೋ ಅಮಿತ?”

“ಸೀಟಿನ ಮ್ಯಾಲ ಕಲ್ಲ ಇಟ್ಟಿದ್ನೆಲ್ರಿ.”

“ಕಲ್ಲ ಮಾತಾಡ್ತೈತೇನೋ?”

“ನಾ ಅದಕ್ಕ ಕಾಯಿ ಸೈತ ಒಡದೇನಲ್ಲೋ ತಮ್ಮಾ” ಎಂದಳು ಆಯಿ.

ಪಿಸ್ಟನ್ನಿನ ರಬ್ಬರು ಹರಿದಿದೆ. ಇವತ್ತಂತೂ ಗಾಡಿ ಏಳುವುದಿಲ್ಲ. ಅವ್ವ ಒಂದು ಚೀಲ ಲಿಂಬೆಹಣ್ಣು ಹೊತ್ತು, “ನಡಿ, ಬಸ್ಸಿಗೆ ಹೋಗೂಣು. ಆಷಾಢ ನಮಗ ಕಾಯಂಗಿಲ್ಲ” ಎಂದಳು. ಇಷ್ಟು ದಿನ ಗಾಡಿಯ ಬಾಯಿ ಮುಚ್ಚಿಸಲು ಓಡಾಡಿದೆ. ಈಗ ಗಾಡಿಯೇ ಇಲ್ಲ, ನಾನೊಬ್ಬನೇ ಉಳಿದೆ. ಈ ಸಲ ಅವಳೇನಾದರೂ ಕೇಳಿದರೆ ಏನು ಹೇಳಲಿ? ಸಿಂದಗಿ ಬಂತು.

26 ಜೂನ್, ಗುರುವಾರ

ನಿನ್ನೆಯದು ಬರೆಯಬೇಕು.

ಮೋರಟಗಿ ಮುಟ್ಟಿದಾಗ ಎಲೆ ಹಾಕುತ್ತಿದ್ದರು. ಸಿದ್ದಾರೂಢ ಮಾವ ಹೊರಗೆ ಬಂದು ರಸ್ತೆಯ ಆ ಕಡೆ ಈ ಕಡೆ ನೋಡಿದರು. “ಸದ್ದ ಇಲ್ಲದ ಬಂದ್ರೆಲ್ಲ” ಎಂದರು. ಹೋಳಿಗೆ ಬಡಿಸಿದರು. ನಾನು ಹೋಳಿಗೆ ನೋಡುತ್ತ ಕೂತೆ. ಎಲ್ಲ ಹೋದ ಸಲದಂತೆಯೇ ನಡೆಯುತ್ತಿತ್ತು.

ಅಷ್ಟರಲ್ಲಿ ಕರೆಂಟು ಬಂತು. ಹಿಂದಿನ ದಿನದಿಂದ ಇರಲಿಲ್ಲವಂತೆ. ಗಿರಣಿಯ ಮುಂದೆ ಡಬ್ಬಿ ಇಟ್ಟು ಹೋದ ಹೆಂಗಸರೆಲ್ಲ ಓಡಿ ಬಂದರು. ಕೋಮಲ ತುಪ್ಪದ ಗಿಂಡಿಯನ್ನು ಮಾವನ ಕೈಗೆ ಕೊಟ್ಟು ಗಿರಣಿಗೆ ಹೋಗಿಬಿಟ್ಟಳು. ಕೈ ತೊಳೆಯುವಾಗ ಅವ್ವ ಮೆಲ್ಲಗೆ, “ಹೋಗು, ಗಿರಣಿ ನೋಡಿ ಬಾ” ಎಂದಳು. ಗಿರಣಿ ನೋಡುವುದಕ್ಕೆ ಏನು ಹೆದರಿಕೆ ಎಂದು ಹೋದೆ.

ಅವಳು ಜೋಳ ಸುರಿಯುತ್ತಿದ್ದಳು. ನನ್ನ ಕೈ ನೋಡಿದಳು.

“ಕೈಗೇನಾಗೈತ್ರಿ? ಗಾಡಿ ಎಲ್ಲಿ?”

ಹೇಳಿದೆ.

“ಏನಂದ್ರಿ? ಕೇಳವಲ್ದು, ಜೋರ ಹೇಳ್ರಿ.”

ಗಿರಣಿ ಅಷ್ಟು ಸದ್ದು ಮಾಡುವಾಗ ಮೆಲ್ಲಗೆ ಮಾತಾಡುವಂತೆಯೇ ಇಲ್ಲ. ಅದು ನನ್ನ ತಪ್ಪಲ್ಲ. ಜೋರಾಗಿ ಹೇಳಿದೆ. ತಗಡಿನಿಂದ ಶುರು ಮಾಡಿದೆ, ಏಕೆಂದರೆ ಅವಳು ಮೊದಲು ಕೇಳಿದ್ದು ಅದನ್ನೇ. ಪ್ಯಾಡು ಸವೆದಾಗ ಒದರಲೆಂದೇ ತಗಡು ಇಡುತ್ತಾರೆ ಎಂದೆ. ಚಾಚಾನ ಕ್ಲಾಂಪು, ಬಾಗೇವಾಡಿಯ ಪಾಕೀಟು, ತಬ್ರೇಜ ಭಾಯ್‌ನ ಫೋನು, ಹಿಂದೆ ಸರಿಯುವ ಮೋಟಾರು. ಅವಳು ಒಂದು ಕೈಯಿಂದ ಹಿಟ್ಟು ಮುಟ್ಟಿ ನೋಡುತ್ತ, ಇನ್ನೊಂದು ಕೈಯಿಂದ ಡಬ್ಬಿ ಸರಿಸುತ್ತ ಕೇಳಿದಳು.

“ಅಂದ್ರ, ಬೆಲ್ಟ್ ಬಿಚ್ಚಿಟ್ಟ ಮೋಟಾರಿಗೆ ಯಾರೋ ಬಂದು ಕರೆಂಟ್ ಕೊಟ್ಟಂಗಾತು” ಎಂದಳು.

ಹೌದು ಎಂದೆ. ಹಾಗೇ ಆಯಿತು, ಆದರೆ ಕರೆಂಟು ಕೊಟ್ಟವರು ಯಾಕೆ ಕೊಟ್ಟರು ಅಂದರೆ, ಎಂದು ಕಲ್ಲಿನ ಸಂಗತಿ ಹೇಳತೊಡಗಿದೆ. ಆ ಹೊತ್ತಿಗೆ ಒಂದು ಡಬ್ಬಿಯ ಕಾಳು ಮುಗಿದು ಅವಳು ಗಿರಣಿ ಬಂದ್ ಮಾಡಿದಳು. ನನಗೆ ಗೊತ್ತಾಗಲಿಲ್ಲ. ಸದ್ದೇ ಇಲ್ಲದ ಗಿರಣಿಯಲ್ಲಿ ನಾನು ಕೂಗಿದ್ದು ಹೊರಗಿನ ಓಣಿಗೂ ಕೇಳಿತು: “ಆಯಿ ಕಲ್ಲಿಗೆ ವಿಭೂತಿ ಹಚ್ಚಿಬಿಟ್ಟಾಳ್ರಿ.”

ಸಾಲಿನಲ್ಲಿ ನಿಂತ ಹೆಂಗಸರು ನಕ್ಕರು. ಮನೆಯ ಕಡೆಯಿಂದ ಅವ್ವ ನಕ್ಕದ್ದೂ ಕೇಳಿಸಿತು. ನನಗೆ ನೆಲದೊಳಗೆ ಇಳಿದು ಹೋಗುವ ಹಾಗಾಯಿತು. ಆದರೆ ಒಬ್ಬ ಮುದುಕಿ, “ಮುಂದೇನಾತಪಾ?” ಎಂದಳು. ಹಿರಿಯರು ಕೇಳಿದ ಮೇಲೆ ಹೇಳದಿರಲಾಗುವುದಿಲ್ಲ. ಮುಂದಿನದನ್ನೂ ಹೇಳಿದೆ. ಆಮೇಲೆ ಬಂದವರಿಗೆ ಮೊದಲಿನದು ತಿಳಿದಿರಲಿಲ್ಲ, ಅವರಿಗೆ ಮೊದಲಿನಿಂದ ಹೇಳಿದೆ.

ಹೊರಡುವಾಗ ಕೋಮಲ ಬಾಗಿಲ ತನಕ ಬಂದಳು. “ಅವತ್ತ ಕೇಳಿದ್ದಕ್ಕ ಇವತ್ತ ಉತ್ತರ ಬಂತು ನೋಡ್ರಿ” ಎಂದಳು.

ನಾಚಿಕೆಯಾಗಿ ನನಗೆ ಬೇರೆ ಏನೂ ಹೊಳೆಯಲಿಲ್ಲ. “ಕಿವಿ ಹಿಂದ ಹಿಟ್ಟ ಹತ್ತೈತ್ರಿ, ಅವತ್ತೂ ಹತ್ತಿತ್ತು” ಎಂದಷ್ಟೇ ಹೇಳಿ ಬಂದೆ.

ಅವಳು ಒರೆಸಿಕೊಳ್ಳಲಿಲ್ಲ. ತಿರುಗಿ ನೋಡಿದಾಗಲೂ ಒರೆಸಿಕೊಂಡಿರಲಿಲ್ಲ.

27 ಜೂನ್, ಶುಕ್ರವಾರ

ಸಿದ್ದಾರೂಢ ಮಾವನ ಫೋನ್ ಬಂತು. ಅವ್ವ ಉಸಿರು ಬಿಗಿ ಹಿಡಿದು ಕೇಳಿದಳು. ನಾನೂ.

“ಅಕ್ಕಾರ, ಹುಡುಗ ಭಾಳ ಮಾತಾಡ್ತಾನಲ್ರಿ. ಓಣಿ ಮಂದಿಗೆಲ್ಲಾ ಬ್ರೇಕಿನ ಪಾಠ ಹೇಳಿ ಹೋಗ್ಯಾನ. ನಮ್ಮ ಮನಿ ಮುದುಕಿ ಸೈತ ಕ್ಯಾಲಿಪರ್ ಅನ್ನಾಕತ್ತೈತಿ.”

ಅವ್ವನ ಮುಖ ಸಣ್ಣದಾಯಿತು.

“ಈಗ ಆಷಾಢ, ನಾ ಹೂಂ ಅನ್ನಂಗಿಲ್ಲ, ಊಹೂಂ ಅನ್ನಂಗಿಲ್ಲ. ಆದ್ರ ತಾಳಿಕೋಟಿಯವರಿಗೆ ಬರಬ್ಯಾಡ್ರಿ ಅಂತ ಹೇಳೇನಿ. ಹೇಳಿಸಿದಾಕಿ ಕೋಮಲ. ತಿಳೀತಿಲ್ಲೋ?”

ಅವ್ವನಿಗೆ ತಿಳಿಯಿತು. ಲಿಂಬೆ ಗಿಡಕ್ಕೆ ನೀರು ಬಿಡುವ ನೆಪ ಮಾಡಿ ನಾನು ಹೊರಗೆ ಹೋದೆ. ಗಿಡಕ್ಕೆ ಆಗಲೇ ನೀರು ಬಿಟ್ಟಾಗಿತ್ತು, ಆದರೂ ಬಿಟ್ಟೆ.

ಭಾಳ ಮಾತಾಡುತ್ತಾನೆ ಎಂದು ಯಾಕೆ ಅಂದರೋ ಗೊತ್ತಿಲ್ಲ. ನಾನು ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟಿದ್ದೆ.

29 ಜೂನ್, ರವಿವಾರ

ತಬ್ರೇಜ ಭಾಯ್ ಮುದ್ದೇಬಿಹಾಳದಿಂದ ಹೊಸ ರಬ್ಬರು, ಬ್ರೇಕ್ ಎಣ್ಣೆ ಹಿಡಿದುಕೊಂಡು ಬಂದ. ಇಬ್ಬರೂ ಸೇರಿ ಪಿಸ್ಟನ್, ಎಡಗಡೆಯ ಹೊಸ ಪ್ಯಾಡು ಕೂಡಿಸಿದೆವು, ಬ್ರೇಕ್ ಎಣ್ಣೆಯೊಳಗೆ ಸೇರಿದ ಗಾಳಿ ತೆಗೆದೆವು, ಮೋಟಾರಿಗೆ ಕೆಲಸ ಮುಗಿಯಿತೆಂದು ತಿಳಿಸಿದೆವು. ಕೆಲಸ ಮಾಡುವಾಗ ಅವನಿಗೆ ಮೋರಟಗಿಯ ಗಿರಣಿಯ ಬಗ್ಗೆ ಒಂದೆರಡು ಮಾತು ಹೇಳಿದೆ.

“ಚಾಚಾನ ಫೋನ್ ರಿಪೇರಿ ಆಗೈತಿ ಅಂತ ಹೇಳಿಬಿಡ್ತೇನಿ” ಎಂದ ಹೋಗುವಾಗ. ಚಾಚಾನ ಫೋನಿಗೆ ಏನಾಗಿತ್ತೋ.

ಲಚ್ಯಾಣದ ತನಕ ಗಾಡಿ ಹೊಡೆದು ನೋಡಿದೆ. ಎಷ್ಟು ತುಳಿದರೂ ಸದ್ದಿಲ್ಲ.

6 ಜುಲೈ, ರವಿವಾರ

ಕೋಮಲ ಫೋನ್ ಮಾಡಿದ್ದಳು. ಗಿರಣಿಯ ಬೆಲ್ಟು ಒದರುತ್ತಿದೆಯಂತೆ. ಹೇಗೆ ಒದರುತ್ತದೆ ಎಂದು ಫೋನಿನಲ್ಲೇ ಕೇಳಿಸಿದಳು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕಾಯಿತು. ಹೀಗಾಗಿ ಬರೆಯಲು ಹೊತ್ತಿಲ್ಲ.

13 ಜುಲೈ, ರವಿವಾರ

ಬೆಲ್ಟು ಇನ್ನೂ ಒದರುತ್ತಿದೆಯಂತೆ. ಹೊತ್ತಿಲ್ಲ.

24 ಜುಲೈ, ಗುರುವಾರ

ನಾಗರ ಅಮಾವಾಸ್ಯೆ. ಗಾಡಿ ಪೂಜೆ. ಈ ಸಲ ಗಾಲಿಗಳೆಲ್ಲ ಇದ್ದವು. ಶೇವಂತೆವ್ವ ಆಯಿ ಆ ಕಲ್ಲನ್ನು ಬಿಟ್ಟಿಲ್ಲ. ಸ್ಟೇರಿಂಗಿನ ಮುಂದೆಯೇ ಇದೆ, ವಿಭೂತಿ ಇನ್ನಷ್ಟು ದಪ್ಪವಾಗಿದೆ. ಯಾರು ಎಲ್ಲಿ ನಿಲ್ಲಬೇಕು, ಯಾವಾಗ ಆರತಿ, ಯಾವಾಗ ಬ್ರೇಕ್ ಎಂದು ಎಲ್ಲರಿಗೂ ಒಂದೆರಡು ಮಾತಿನಲ್ಲಿ ಹೇಳಿದೆ. ಆರತಿ ದೀಪ ಎರಡು ಸಲ ಆರಿತು, ಮತ್ತೆ ಹಚ್ಚಿದರು.

27 ಜುಲೈ, ರವಿವಾರ

ಶ್ರಾವಣ. ಮಾತು ಮುಗಿಸಲು ಮೋರಟಗಿಗೆ ಹೋಗಿ ಬಂದೆವು. ಹಿಂದಿನ ಸೀಟಿನಲ್ಲಿ ಸಾವಕಾರರು, ಅವ್ವ. ನಾನು ಮುಂದೆ, ಸ್ಟೇರಿಂಗ್ ಇರುವ ಕಡೆ.

ಸಿಂದಗಿ ದಾಟಿದ ಮೇಲೆ ಸಾವಕಾರರಿಗೆ ಗಿರಣಿಯ ಬೆಲ್ಟು ಯಾಕೆ ಒದರುತ್ತದೆ, ಅದಕ್ಕೂ ಬ್ರೇಕಿನ ತಗಡಿಗೂ ಏನು ವ್ಯತ್ಯಾಸ ಎಂದು ಹೇಳುತ್ತಿದ್ದೆ. ಅಗಸಿಯ ಹತ್ತಿರ ಅದೇ ಎಮ್ಮೆ ಅಡ್ಡ ಬಂತು. ಬ್ರೇಕ್ ತುಳಿದೆ. ಆಗ ಸಾವಕಾರರು ಹಣೆ ಒತ್ತಿಕೊಂಡು, “ಯಪ್ಪಾ, ಒಂದ ಚೂರು ಬಾಯಿ ಮುಚ್ಚತೀಯೇನ?” ಎಂದರು.

ನಾನು ಕಿಟಕಿ ಇಳಿಸಿ ಹಿಂದಿನ ಗಾಲಿಗಳ ಕಡೆ ಕಿವಿ ಕೊಟ್ಟೆ. ಒಂಚೂರೂ ಸದ್ದಿರಲಿಲ್ಲ. ಎಮ್ಮೆಯೂ ಸುಮ್ಮನೆ ನಿಂತಿತ್ತು. ಯಾರಿಗೆ ಅಂದರೋ ತಿಳಿಯಲಿಲ್ಲ.